25ನೆಯ ಚೌಕವನ್ನು ಖಾಲಿ ಬಿಟ್ಟವನ ಬಹಿರಂಗ ಪತ್ರ

ಗೆ,
ಮಾನ್ಯ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹಡಗು ಬಾಡಿಗೆ ಮತ್ತು ಸರಕು ಒಪ್ಪಂದಗಳ ಸಣ್ಣ ವ್ಯಾಜ್ಯಗಳಿಗೆ ಬೆಂಗಳೂರಿನಲ್ಲೇ ಆರ್ಬಿಟ್ರೇಷನ್ ವ್ಯವಸ್ಥೆ ಮಾಡುವ ಕುರಿತು.

ಮಾನ್ಯರೇ,

ಮಂಡ್ಯದ ಎಪಿಎಂಸಿ ಯಾರ್ಡಿನಲ್ಲಿ ತಂದೆಯವರ ಕಾಲದಿಂದ ಬೆಲ್ಲದ ಮಂಡಿ ನಡೆಸಿಕೊಂಡು ಬಂದ ಕುಟುಂಬದವನು ನಾನು. ಬೆಲ್ಲದ ಜೊತೆಗೆ ಸಕ್ಕರೆ ವ್ಯಾಪಾರಕ್ಕೂ ಕೈ ಹಾಕಿ, ಕೆಲವು ವರ್ಷಗಳ ಹಿಂದೆ ಇನ್ನಿಬ್ಬರು ವ್ಯಾಪಾರಿಗಳೊಂದಿಗೆ ಸೇರಿ ಪೂರ್ವ ಆಫ್ರಿಕಾದ ಬಂದರೊಂದಕ್ಕೆ ಸಕ್ಕರೆ ಕಳುಹಿಸಲು ಒಂದು ಸಣ್ಣ ಹಡಗನ್ನೇ ಬಾಡಿಗೆಗೆ ಹಿಡಿದಿದ್ದೆ. ಆ ವ್ಯವಹಾರದಲ್ಲಿ ಹಡಗಿನ ಮಾಲೀಕರಿಗೂ ನಮಗೂ ಎದ್ದ ತಕರಾರು ಲಂಡನ್ನಿನಲ್ಲಿ ತೀರ್ಮಾನವಾಯಿತು, ನಾವು ಸೋತೆವು. ಸೋತ ದುಃಖವನ್ನು ತೋಡಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಆ ತಕರಾರು ಲಂಡನ್ನಿಗೆ ಹೋಗಿದ್ದು ಯಾರೂ ಯೋಚಿಸಿ ನಿರ್ಧರಿಸಿದ್ದರಿಂದಲ್ಲ, ಒಪ್ಪಂದದ ಮೊದಲ ಪುಟದ ಒಂದು ಚೌಕವನ್ನು ನಾವು ಭರ್ತಿ ಮಾಡದೆ ಬಿಟ್ಟದ್ದರಿಂದ, ಮತ್ತು ಅಲ್ಲಿ ಬರೆಯಬಹುದಾಗಿದ್ದ ಬೇರೊಂದು ಊರಿನ ಹೆಸರನ್ನು ನಮಗೆ ಯಾರೂ ಸೂಚಿಸದೆ ಇದ್ದದ್ದರಿಂದ ಎಂಬುದನ್ನು ತಮ್ಮ ಗಮನಕ್ಕೆ ತಂದು, ಆ ಚೌಕದಲ್ಲಿ ನಮ್ಮಂಥವರು ಧೈರ್ಯವಾಗಿ ‘ಬೆಂಗಳೂರು’ ಎಂದು ಬರೆಯುವಂತೆ ಮಾಡಿಕೊಡಬೇಕೆಂದು ಕೇಳಿಕೊಳ್ಳುವುದು ನನ್ನ ಉದ್ದೇಶ.

ಮೊದಲೇ ಒಂದು ಮಾತು. ಕನ್ನಡದಲ್ಲಿ ನಾವು ‘ಮಧ್ಯಸ್ಥಿಕೆ’ ಎಂಬ ಒಂದೇ ಪದವನ್ನು ಎರಡು ಬೇರೆ ಕೆಲಸಗಳಿಗೆ ಬಳಸುತ್ತೇವೆ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದೂ ಮಧ್ಯಸ್ಥಿಕೆಯೇ, ಇಬ್ಬರೂ ಒಪ್ಪಿ ನೇಮಿಸಿದ ವ್ಯಕ್ತಿ ಕೊಡುವ, ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುವ ತೀರ್ಪೂ ಮಧ್ಯಸ್ಥಿಕೆಯೇ. ಈ ಗೊಂದಲದಿಂದಾಗಿ ನಮ್ಮಲ್ಲಿ ಅನೇಕರು ‘ಮಧ್ಯಸ್ಥಿಕೆ ನೋಟಿಸ್’ ಬಂದರೆ ಯಾರೋ ರಾಜಿಗೆ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದುಬಿಡುತ್ತಾರೆ. ಆದ್ದರಿಂದ ಎರಡನೆಯದನ್ನು ನಾನು ಇಲ್ಲಿ ಆರ್ಬಿಟ್ರೇಷನ್ ಎಂದೇ ಕರೆಯುತ್ತೇನೆ.

ಹಡಗನ್ನು ಪೂರ್ತಿಯಾಗಿ ಒಂದು ಪ್ರಯಾಣಕ್ಕೆ ಬಾಡಿಗೆಗೆ ಹಿಡಿಯುವಾಗ ಮಾಡಿಕೊಳ್ಳುವ ಒಪ್ಪಂದಕ್ಕೆ ಚಾರ್ಟರ್ ಪಾರ್ಟಿ ಎನ್ನುತ್ತಾರೆ. ಅದಕ್ಕೆ ಪ್ರಪಂಚದಾದ್ಯಂತ ಹೆಚ್ಚಾಗಿ ಬಳಕೆಯಲ್ಲಿರುವ ಅಚ್ಚಿನ ನಮೂನೆ ‘ಜೆನ್‌ಕಾನ್’. ಹಡಗು ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆಯಾದ ಬಿಮ್ಕೊ 1922ರಲ್ಲಿ ಇದನ್ನು ಹೊರತಂದು, 1976, 1994 ಮತ್ತು 2022ರಲ್ಲಿ ಪರಿಷ್ಕರಿಸಿದೆ. ನಮ್ಮ ಕೈಗೆ ಬಂದದ್ದು 1994ರ ನಮೂನೆ. ಅದರ ಮೊದಲ ಭಾಗವೆಲ್ಲ ಸಂಖ್ಯೆ ಹಾಕಿದ ಚೌಕಗಳು: ಹಡಗಿನ ಹೆಸರು, ಬಾಡಿಗೆ ದರ, ಡೆಮರೇಜ್ ದರ ಹೀಗೆ. ಎರಡನೆಯ ಭಾಗದಲ್ಲಿ ಸಣ್ಣ ಅಕ್ಷರದ ಷರತ್ತುಗಳಿವೆ. 25ನೆಯ ಚೌಕದಲ್ಲಿ ವ್ಯಾಜ್ಯ ಹುಟ್ಟಿದರೆ ಯಾವ ಕಾನೂನು, ಯಾವ ಊರು ಎಂದು ತುಂಬಬೇಕು. ಲಂಡನ್ ಬೇಕೆ, ನ್ಯೂಯಾರ್ಕ್ ಬೇಕೆ, ಬೇರೆ ಊರು ಬೇಕಾದರೆ ಅದರ ಹೆಸರೇನು ಎಂದು ಅದು ಕೇಳುತ್ತದೆ. ಏನೂ ಬರೆಯದಿದ್ದರೆ ಲಂಡನ್, ಇಂಗ್ಲಿಷ್ ಕಾನೂನು ಎಂದು 19ನೆಯ ಷರತ್ತೇ ಹೇಳಿಬಿಡುತ್ತದೆ. ಅದೇ ಚೌಕದಲ್ಲಿ ಇನ್ನೊಂದು ಜಾಗವಿದೆ. ಇಷ್ಟು ಮೊತ್ತದೊಳಗಿನ ವ್ಯಾಜ್ಯವಾದರೆ ಸಣ್ಣ ದಾವೆಗಳ ಸರಳ ಕ್ರಮದಲ್ಲಿ ನಡೆಸಬೇಕು ಎಂದು ಮೊತ್ತ ನಮೂದಿಸುವ ಜಾಗ ಅದು. ಅದನ್ನೂ ಖಾಲಿ ಬಿಟ್ಟರೆ ಸರಳ ಕ್ರಮದ ಸೌಲಭ್ಯ ಮಾತ್ರ ಬಿದ್ದುಹೋಗುತ್ತದೆ, ಲಂಡನ್ ಉಳಿದುಕೊಳ್ಳುತ್ತದೆ. ನಾವು ಎರಡನ್ನೂ ಖಾಲಿ ಬಿಟ್ಟಿದ್ದೆವು. ಶಿಪ್ ಬ್ರೋಕರ್ ಕಳುಹಿಸಿದ ಕಾಗದದಲ್ಲಿ ಬಾಡಿಗೆ ದರ ಸರಿಯಿದೆಯೇ, ಟನ್ ಲೆಕ್ಕ ಸರಿಯಿದೆಯೇ ಎಂದು ಮೂವರೂ ಮೂರು ಸಲ ನೋಡಿ ಸಹಿ ಹಾಕಿದೆವೇ ಹೊರತು, 25ನೆಯ ಚೌಕದ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ.

ಸರಕು 2,800 ಟನ್, 50 ಕಿಲೋ ಚೀಲಗಳಲ್ಲಿ. ಹವೆ ಅನುಕೂಲವಿರುವ ದಿನಕ್ಕೆ 700 ಟನ್ನಿನಂತೆ ತುಂಬಬೇಕು, ಅಂದರೆ ಸರಕು ತುಂಬಲು ಕೊಟ್ಟ ಅವಧಿ, ಲೇಟೈಮ್, ನಾಲ್ಕು ದಿನ. ಅದನ್ನು ಮೀರಿ ಹಡಗನ್ನು ನಿಲ್ಲಿಸಿಕೊಂಡರೆ ದಿನಕ್ಕೆ 4,500 ಡಾಲರ್ ಡೆಮರೇಜ್. ಡೆಮರೇಜ್ ಎಂಬ ಮಾತು ನಮ್ಮ ಮಂಡಿಗಳಲ್ಲಿ ಹೊಸದೇನಲ್ಲ. ರೈಲ್ವೆ ವ್ಯಾಗನ್ ಖಾಲಿ ಮಾಡುವುದು ತಡವಾದಾಗ ಕಟ್ಟಿ ಅಭ್ಯಾಸವಿದೆ. ಆದರೆ ವ್ಯಾಗನ್ನಿಗೂ ಹಡಗಿಗೂ ಇರುವ ವ್ಯತ್ಯಾಸ ಗೊತ್ತಾದದ್ದು ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ನಿಂತಾಗ. ದಸರೆ ಕಳೆದ ವಾರ, ಹಿಂಗಾರು ಮಳೆ. ನಾಗಮಂಗಲ, ಹಾಸನ, ಸಕಲೇಶಪುರ ದಾಟಿದ ಲಾರಿಗಳು ಶಿರಾಡಿ ಘಾಟಿಯಲ್ಲಿ ಸಾಲುಗಟ್ಟಿ ನಿಂತವು. ಸರಕನ್ನು ಹಡಗಿನ ಪಕ್ಕಕ್ಕೆ ತಂದು ನಿಲ್ಲಿಸುವ ಹೊಣೆ ಬಾಡಿಗೆಗೆ ಹಿಡಿದವನದು. ಘಾಟಿಯಲ್ಲಿ ಮಣ್ಣು ಕುಸಿದರೆ ಹಡಗಿನ ಗಡಿಯಾರ ನಿಲ್ಲುವುದಿಲ್ಲ. ಹೀಗೆ ಮೂರೂವರೆ ದಿನದ ಡೆಮರೇಜ್, ಅಂದರೆ 15,750 ಡಾಲರ್, ನಮ್ಮ ತಲೆಗೆ ಬರಬೇಕಾದದ್ದೇ ಎಂದು ನಾವು ಅಂದೇ ಒಪ್ಪಿದ್ದೆವು. ಮಾಲೀಕರು ಕೇಳಿದ್ದು ಐದು ದಿನದ 22,500 ಡಾಲರ್. ಜಗಳವಿದ್ದದ್ದು ಉಳಿದ ಒಂದೂವರೆ ದಿನದ ಮೇಲೆ, 6,750 ಡಾಲರಿನ ಮೇಲೆ, ಅಂದಿನ ಲೆಕ್ಕದಲ್ಲಿ ಐದು ಲಕ್ಷ ರೂಪಾಯಿಗೆ ಸ್ವಲ್ಪ ಕಡಿಮೆ.

ಆ ಒಂದೂವರೆ ದಿನ, ಅಂದರೆ 36 ಗಂಟೆ, ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂಥ ವ್ಯಾಜ್ಯಗಳೆಲ್ಲ ಇರುವುದೇ ಈ ಅಳತೆಯಲ್ಲಿ. ಹಡಗು ಸರಕು ತುಂಬಿಸಿಕೊಳ್ಳಲು ಸಿದ್ಧವಿದೆ ಎಂದು ಕ್ಯಾಪ್ಟನ್ ಕೊಡುವ ನೋಟಿಸ್ ಮಧ್ಯಾಹ್ನ 12 ಗಂಟೆಯೊಳಗೆ ತಲುಪಿದರೆ ಅಂದೇ 1 ಗಂಟೆಯಿಂದ ಲೇಟೈಮ್ ಶುರುವಾಗುತ್ತದೆ. 12 ದಾಟಿ ಕಚೇರಿ ವೇಳೆಯಲ್ಲಿ ತಲುಪಿದರೆ ಮರುದಿನದ ಕೆಲಸದ ದಿನ ಬೆಳಗ್ಗೆ 6ರಿಂದ. ಕ್ಯಾಪ್ಟನ್ನರ ಇ-ಮೇಲ್‌ನಲ್ಲಿದ್ದ ಸಮಯ 11:52. ನಮ್ಮ ಏಜೆಂಟರ ಕಚೇರಿಯ ಮೊಹರಿನಲ್ಲಿ 12:20. ಈ 28 ನಿಮಿಷದ ಅಂತರಕ್ಕೆ 17 ಗಂಟೆಯ ಬೆಲೆ. ಮಿಕ್ಕ 19 ಗಂಟೆ ಮಳೆಯದು. ಮಳೆ ಹನಿಯುತ್ತಿದ್ದಂತೆ ಹ್ಯಾಚ್ (ಹಡಗಿನ ಸರಕು ಕೋಣೆಯ ಮೇಲಿನ ಬಾಗಿಲು) ಮುಚ್ಚಬೇಕು, ಇಲ್ಲದಿದ್ದರೆ ಸಕ್ಕರೆ ಪಾನಕವಾಗುತ್ತದೆ. ಬಂದರಿನಲ್ಲಿ ತಯಾರಾದ ‘ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್’ ಎಂಬ ದಾಖಲೆಯಲ್ಲಿ ಮಳೆಯ ಕೆಲವು ಹೊತ್ತು ಮಾತ್ರ ನಮೂದಾಗಿತ್ತು. ಆದರೆ ಲೋಡಿಂಗ್ ನೋಡಿಕೊಳ್ಳಲು ನಾವು ನಿಲ್ಲಿಸಿದ್ದ ಮೇಸ್ತ್ರಿಯವರು ಎರಡು ರೂಪಾಯಿ ಪೆನ್ನಿನಲ್ಲಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ‘ಮಳೆ ಹಿಡೀತು 3-10, ಬಿಡ್ತು 5-40, ಹ್ಯಾಚ್ ತೆಗೆದದ್ದು 6-05’ ಎಂದು ಒಂದೊಂದು ಸಲವನ್ನೂ ಬರೆದಿಟ್ಟಿದ್ದರು. ಲೇಟೈಮ್ ಮುಗಿಯುವುದಕ್ಕೆ ಮುಂಚಿನ ಮಳೆಗಷ್ಟೇ ಲೆಕ್ಕ. ಒಮ್ಮೆ ಡೆಮರೇಜ್ ಆರಂಭವಾದ ಮೇಲೆ ಬಿದ್ದ ಮಳೆ ಬಾಡಿಗೆದಾರನ ಪಾಲಿಗೇ. ಆದ್ದರಿಂದ ಮೊದಲ ದಿನಗಳ ಆ ಮೂರು ಪುಟಗಳೇ ನಮ್ಮ ಇಡೀ ವಾದ.

ತಿಂಗಳು ಕಳೆದ ಮೇಲೆ ಲಂಡನ್ನಿನ ವಕೀಲರೊಬ್ಬರಿಂದ ಇ-ಮೇಲ್ ಬಂತು. ಮಾಲೀಕರು ತಮ್ಮ ಕಡೆಯ ಆರ್ಬಿಟ್ರೇಟರನ್ನು ನೇಮಿಸಿದ್ದಾರೆ, ನೀವು ನಿಮ್ಮವರನ್ನು ನೇಮಿಸಿ ಎಂಬುದು ಅದರ ಸಾರ. ನಮ್ಮ ಚೆಕ್ ಬೌನ್ಸ್ ಕೇಸುಗಳನ್ನು ನೋಡಿಕೊಳ್ಳುವ ಇಲ್ಲಿನ ವಕೀಲರಿಗೆ ತೋರಿಸಿದೆವು. ಪ್ರಾಮಾಣಿಕವಾದ, ನಾಲ್ಕು ಪುಟದ ಉತ್ತರ ಸಿದ್ಧವಾಯಿತು. ಮಳೆ, ಮೊಹರು, 17 ಗಂಟೆ ಎಲ್ಲವೂ ಅದರಲ್ಲಿತ್ತು. ಆರ್ಬಿಟ್ರೇಟರ ಹೆಸರೊಂದು ಮಾತ್ರ ಇರಲಿಲ್ಲ. ಹಾಗೆ 14 ದಿನ ಕಳೆದವು. 14 ದಿನದೊಳಗೆ ನಿಮ್ಮವರನ್ನು ನೇಮಿಸದಿದ್ದರೆ ಎದುರು ಪಕ್ಷದ ಆರ್ಬಿಟ್ರೇಟರೇ ಏಕೈಕ ತೀರ್ಪುಗಾರ, ಅವರ ತೀರ್ಪೇ ಅಂತಿಮ ಎಂದು ಅದೇ 19ನೆಯ ಷರತ್ತಿನಲ್ಲಿದೆ. ನಾವು ಸಂಪರ್ಕಿಸಿದ ಲಂಡನ್ ಸಾಲಿಸಿಟರ್ ಕೇಳಿದ ಮುಂಗಡವೇ ಜಗಳದ ಮೊತ್ತವನ್ನು ಮೀರಿದ್ದರಿಂದ ಅವರನ್ನು ಬಿಟ್ಟು ನಾವೇ ಹೇಳಿಕೆ ಕಳುಹಿಸಿದೆವು. ಮೇಸ್ತ್ರಿಯವರ ಪುಸ್ತಕದ ದೃಢೀಕೃತ ಇಂಗ್ಲಿಷ್ ಅನುವಾದವನ್ನು ಆರ್ಬಿಟ್ರೇಟರ್ ಕೇಳಿದರು. ಅದನ್ನು ಮಾಡಿಸಿ ಕಳುಹಿಸುವಷ್ಟರಲ್ಲಿ ಗಡುವು ದಾಟಿತ್ತು. ಪೂರ್ತಿ 22,500 ಡಾಲರ್, ಬಡ್ಡಿ, ಮೇಲೆ ಖರ್ಚು ಕೊಡಬೇಕೆಂದು ತೀರ್ಪಾಯಿತು. ಅದನ್ನು ಎರಡು ಸಲ ಓದಿದ್ದೇನೆ. ಅವರ ಮುಂದಿದ್ದ ಕಾಗದಗಳಿಗೆ ತಕ್ಕ ತೀರ್ಪು ಅದು. ಆ ಆರ್ಬಿಟ್ರೇಟರ ಮೇಲೆ ನನಗೆ ದೂರಿಲ್ಲ. ಕಟ್ಟದೆ ಕೂತರೆ ಏನಾಗುತ್ತದೆ ಎಂದು ಬೆಂಗಳೂರಿನಲ್ಲಿ ವಿಚಾರಿಸಿದಾಗ ತಿಳಿದದ್ದು: ವಿದೇಶಿ ಆರ್ಬಿಟ್ರೇಷನ್ ತೀರ್ಪುಗಳನ್ನು ಪರಸ್ಪರ ಮನ್ನಿಸುವ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತವೂ ಸೇರಿದೆ, ನಮ್ಮ 1996ರ ಆರ್ಬಿಟ್ರೇಷನ್ ಕಾಯ್ದೆಯ ಎರಡನೆಯ ಭಾಗದಡಿ ಹೈಕೋರ್ಟ್ ಅದನ್ನು ಡಿಕ್ರಿಯಂತೆ ಜಾರಿ ಮಾಡುತ್ತದೆ, ತಿರಸ್ಕರಿಸಲು ಇರುವ ಕಾರಣಗಳು ಬಹಳ ಕಡಿಮೆ. ಕಟ್ಟಿದೆವು.

ಈಗ ತಮ್ಮಲ್ಲಿ ಕೇಳಿಕೊಳ್ಳುವ ಮಾತಿಗೆ ಬರುತ್ತೇನೆ. ಲಂಡನ್ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. 1960ರಿಂದ ನಡೆದುಕೊಂಡು ಬಂದಿರುವ ಅಲ್ಲಿನ ಸಾಗರ ಆರ್ಬಿಟ್ರೇಟರುಗಳ ಸಂಘಕ್ಕೆ ಹಡಗಿನ ವಿಷಯದಲ್ಲಿ ಪಳಗಿದವರ ಬಲವಿದೆ. ಕೋಟ್ಯಂತರ ರೂಪಾಯಿಯ ವ್ಯಾಜ್ಯಕ್ಕೆ ಅದು ಸರಿಯಾದ ಜಾಗವೂ ಇರಬಹುದು. ಆದರೆ ಐದು ಲಕ್ಷದ ಜಗಳವನ್ನು ಅಲ್ಲಿಗೆ ಒಯ್ಯುವ ವ್ಯಾಪಾರಿ ಗೆದ್ದರೂ ಸೋತಂತೆಯೇ. ಅವರಲ್ಲೇ ಸಣ್ಣ ದಾವೆಗಳಿಗೆ ನಿಗದಿತ ಶುಲ್ಕದ, ಬಹುಮಟ್ಟಿಗೆ ಕಾಗದಪತ್ರದ ಮೇಲೆಯೇ ಮುಗಿಯುವ ಕ್ರಮ 1989ರಿಂದ ಇದೆ. ಅಂದರೆ ದೊಡ್ಡ ಮನೆಯವರೇ ಸಣ್ಣ ಬಾಗಿಲೊಂದು ಬೇಕೆಂದು ಎಂದೋ ಕಂಡುಕೊಂಡಿದ್ದಾರೆ. ನಾವು ಕೇಳುತ್ತಿರುವುದು ಅಂಥದೇ ಬಾಗಿಲನ್ನು ನಮ್ಮ ಊರಿನ ಹತ್ತಿರ.

ಇದಕ್ಕೆ ಹೊಸ ಕಾನೂನಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. 1996ರ ಕಾಯ್ದೆಗೆ 2015ರಲ್ಲಿ ಸೇರಿಸಿದ 29ಬಿ ಕಲಮಿನ ಪ್ರಕಾರ ಇಬ್ಬರೂ ಬರೆದು ಒಪ್ಪಿದರೆ ಒಬ್ಬನೇ ಆರ್ಬಿಟ್ರೇಟರ್, ಮೌಖಿಕ ವಿಚಾರಣೆಯಿಲ್ಲದೆ ಲಿಖಿತ ವಾದದ ಮೇಲೆ, ಆರು ತಿಂಗಳಲ್ಲಿ ತೀರ್ಪು ಕೊಡಬಹುದು. 22ನೆಯ ಕಲಮಿನ ಪ್ರಕಾರ ಯಾವ ಭಾಷೆಯಲ್ಲಿ ನಡೆಸಬೇಕೆಂಬುದನ್ನು ಪಕ್ಷಗಾರರೇ ಗೊತ್ತುಮಾಡಿಕೊಳ್ಳಬಹುದು. ಮೇಸ್ತ್ರಿಯವರ ಕನ್ನಡ ಪುಸ್ತಕವನ್ನು ಹಾಗೆಯೇ ಓದಬಲ್ಲ ಆರ್ಬಿಟ್ರೇಟರ್ ಸಿಕ್ಕರೆ ನಮ್ಮ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. 20ನೆಯ ಕಲಮಿನಲ್ಲಿ ಪೀಠ, ಅಂದರೆ ಆರ್ಬಿಟ್ರೇಷನ್ನಿನ ಕಾನೂನಿನ ನೆಲೆ, ಒಂದು ಊರಿನಲ್ಲಿದ್ದು ಸಾಕ್ಷಿ ಕೇಳುವುದು ಇನ್ನೊಂದು ಊರಿನಲ್ಲಿ ಆಗಬಹುದು ಎಂದಿದೆ, ಅಂದರೆ ಪೀಠ ಬೆಂಗಳೂರಿನಲ್ಲಿದ್ದರೂ ಅಗತ್ಯ ಬಿದ್ದಾಗ ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೂತು ಕೇಳಬಹುದು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಆರ್ಬಿಟ್ರೇಷನ್ ಕೇಂದ್ರವೊಂದು 2012ರಿಂದ ಕೆಲಸ ಮಾಡುತ್ತಿದೆ. ಸಮುದ್ರವೇ ಇಲ್ಲದ ಊರಿಗೆ ಹಡಗಿನ ಜಗಳವೇ ಎಂದು ನಗುವವರಿಗೆ ಒಂದು ವಿಷಯ ತಿಳಿಸಬೇಕು. 2017ರ ಅಡ್ಮಿರಾಲ್ಟಿ ಕಾಯ್ದೆಯು ಹಡಗನ್ನು ಜಪ್ತಿ ಮಾಡುವ ಅಧಿಕಾರವೂ ಸೇರಿದ ಸಾಗರ ನ್ಯಾಯಾಧಿಕಾರವನ್ನು ಕೊಟ್ಟಿರುವ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು.

ಕೊರತೆಯಿರುವುದು ಮೂರು ವಿಷಯದಲ್ಲಿ. ಹಡಗಿನ ಕೆಲಸ ಬಲ್ಲವರ ಪಟ್ಟಿ ಮೊದಲನೆಯದು. ನಿವೃತ್ತ ಕ್ಯಾಪ್ಟನ್ನರು, ಸಾಗರ ಸರ್ವೇಯರುಗಳು, ಬಂದರಿನ ಟ್ರಾಫಿಕ್ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವರು ಮಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. 11:52ಕ್ಕೂ 12:20ಕ್ಕೂ ನಡುವೆ ಏನಾಯಿತು ಎಂಬುದನ್ನು ತೀರ್ಮಾನಿಸಲು ನಿವೃತ್ತ ನ್ಯಾಯಾಧೀಶರಿಗಿಂತ ಅವರೇ ಮೇಲು ಎಂಬುದು ನನ್ನ ಅಭಿಪ್ರಾಯ. ಎರಡನೆಯದು ಮೊದಲೇ ಗೊತ್ತಿರುವ ಶುಲ್ಕ: ಇಷ್ಟು ಲಕ್ಷದವರೆಗಿನ ವ್ಯಾಜ್ಯಕ್ಕೆ ಇಷ್ಟೇ, ವಾದ ಎಷ್ಟು ಪುಟವಾದರೂ ಇಷ್ಟೇ ಎಂದು. ಮೂರನೆಯದು ಮಾದರಿ ಷರತ್ತು. 25ನೆಯ ಚೌಕದಲ್ಲಿ ಏನು ಬರೆಯಬೇಕೆಂಬ ಎರಡೇ ಸಾಲು ಇಂಗ್ಲಿಷಿನಲ್ಲಿ, ಅದರ ಅರ್ಥ ಕನ್ನಡದಲ್ಲಿ. ರಫ್ತು ತರಬೇತಿಗಾಗಿ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರಕ್ಕೂ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಬರುವ ಪ್ರತಿಯೊಬ್ಬರ ಕೈಗೂ ಆ ಕಾಗದ ಹೋಗಬೇಕು. ನಾನು ಹಾಜರಾದ ಎರಡು ತರಬೇತಿಗಳಲ್ಲಿ ಪ್ಯಾಕಿಂಗ್ ಬಗ್ಗೆ ಇಡೀ ಬೆಳಗ್ಗೆ ಹೇಳಿದರು, ಊಟವೂ ಚೆನ್ನಾಗಿತ್ತು. ವ್ಯಾಜ್ಯ ಷರತ್ತಿನ ಬಗ್ಗೆ ಒಂದು ಮಾತೂ ಬರಲಿಲ್ಲ.

ವಿದೇಶಿ ಮಾಲೀಕರು ಬೆಂಗಳೂರನ್ನು ಒಪ್ಪುತ್ತಾರೆಯೇ ಎಂದು ತಮ್ಮ ಅಧಿಕಾರಿಗಳು ಖಂಡಿತ ಕೇಳುತ್ತಾರೆ. ಎಲ್ಲರೂ ಒಪ್ಪುವುದಿಲ್ಲ, ಸಣ್ಣ ಬಾಡಿಗೆದಾರನ ಮಾತು ನಡೆಯುವುದು ಹಡಗು ಸುಲಭವಾಗಿ ಸಿಗುವ ತಿಂಗಳುಗಳಲ್ಲಿ ಮಾತ್ರ. ಆದ್ದರಿಂದ ಮೊದಲು ಒಪ್ಪಿಸಬೇಕಾದ್ದು ನಮ್ಮವರನ್ನೇ. ಇಬ್ಬರೂ ಭಾರತೀಯರಾಗಿದ್ದರೂ ವ್ಯಾಜ್ಯದ ಪೀಠ ವಿದೇಶದಲ್ಲಿ ಇರುವಂತೆ ಒಪ್ಪಂದ ಮಾಡಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅಂದರೆ ಮಂಡ್ಯದ ವ್ಯಾಪಾರಿಯೂ ಮಂಗಳೂರಿನ ಹಡಗು ಮಾಲೀಕನೂ ಇದೇ ನಮೂನೆಗೆ ಚೌಕ ಖಾಲಿ ಬಿಟ್ಟು ಸಹಿ ಹಾಕಿದರೆ ಅವರಿಬ್ಬರೂ ಲಂಡನ್ನಿಗೇ ಹೋಗಬೇಕಾದೀತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೊತ್ತು ಹೋಗುವ ಮಂಜಿಗಳ (ಮರದ ಸರಕು ಹಡಗುಗಳ) ವ್ಯವಹಾರದಲ್ಲಿ ಎರಡೂ ಕಡೆ ನಮ್ಮವರೇ. ಪ್ರಯೋಗ ಅಲ್ಲಿಂದಲೇ ಶುರುವಾಗಲಿ. ಆ ಬಂದರು ಕರ್ನಾಟಕ ಮಾರಿಟೈಮ್ ಬೋರ್ಡಿನ ಸುಪರ್ದಿಯಲ್ಲೇ ಇರುವುದರಿಂದ ಸರ್ಕಾರದ ಮಾತಿಗೆ ಅಲ್ಲಿ ತೂಕವೂ ಇದೆ. ವಿದೇಶಿ ಮಾಲೀಕ ಬೆಂಗಳೂರು ಬೇಡವೆಂದರೆ ಲಂಡನ್ನೇ ಇರಲಿ, ಆದರೆ ಸಣ್ಣ ದಾವೆಯ ಮೊತ್ತದ ಜಾಗದಲ್ಲಿ ಅಂಕಿಯೊಂದನ್ನು ತುಂಬದೆ ಸಹಿ ಹಾಕಬೇಡಿ ಎಂಬ ಮಾತನ್ನು ಆ ಮಾದರಿ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು.

ಹಡಗನ್ನು ಪೂರ್ತಿ ಹಿಡಿಯದೆ, ಬೇರೊಬ್ಬರು ಹಿಡಿದ ಹಡಗಿನಲ್ಲಿ ನೂರಿನ್ನೂರು ಟನ್ ಮಾತ್ರ ಕಳುಹಿಸುವವರ ಪಾಡು ಇದಕ್ಕಿಂತ ವಿಚಿತ್ರ. ಅವರ ಕೈಗೆ ಬರುವ, ಸರಕು ಹಡಗಿಗೆ ಹತ್ತಿದ್ದಕ್ಕೆ ರಸೀದಿಯಂತಿರುವ ಬಿಲ್ ಆಫ್ ಲೇಡಿಂಗಿನ ಹಿಂಬದಿಯಲ್ಲಿ, ಇಂಥ ದಿನಾಂಕದ ಚಾರ್ಟರ್ ಪಾರ್ಟಿಯ ಎಲ್ಲ ಷರತ್ತುಗಳೂ, ಕಾನೂನು ಮತ್ತು ಆರ್ಬಿಟ್ರೇಷನ್ ಷರತ್ತೂ ಸೇರಿದಂತೆ, ಇದರಲ್ಲಿ ಅಡಕವಾಗಿವೆ ಎಂಬ ಸಾಲಿರುತ್ತದೆ. ಆ ಚಾರ್ಟರ್ ಪಾರ್ಟಿಯನ್ನು ಅವರು ಕಣ್ಣಿನಲ್ಲೂ ಕಂಡಿರುವುದಿಲ್ಲ. ‘ಬಾಲ್ಟಿಕ್ ಕಾನ್ಫಿಡೆನ್ಸ್’ ಹಡಗಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಅಂಥ ಸಾಲನ್ನು ಎತ್ತಿಹಿಡಿದಿದೆ. ಸರಕು ಒದ್ದೆಯಾಗಿಯೋ ಕಡಿಮೆಯಾಗಿಯೋ ತಲುಪಿದರೆ ಪಡೆಯುವವರಿಗೆ ಸರಕು ಒಪ್ಪಿಸಿದ ಒಂದು ವರ್ಷದೊಳಗೆ ದಾವೆ ಹೂಡಬೇಕೆಂಬ, ಸಾಗರ ಸರಕು ಸಾಗಣೆಯ ಅಂತರರಾಷ್ಟ್ರೀಯ ಹೇಗ್ ನಿಯಮವೂ ಇದೆ. ವಿಮಾ ಕಂಪನಿಯೊಂದಿಗೆ, ಏಜೆಂಟರೊಂದಿಗೆ ಪತ್ರ ಬರೆಯುತ್ತ ಕೂತರೆ ಆ ಗಡಿಯಾರ ನಿಲ್ಲುವುದಿಲ್ಲ. ಸಂಸತ್ತು 2025ರಲ್ಲಿ 1856ರ ಬಿಲ್ ಆಫ್ ಲೇಡಿಂಗ್ ಕಾಯ್ದೆಯನ್ನೂ 1925ರ ಸಾಗರ ಸರಕು ಸಾಗಣೆ ಕಾಯ್ದೆಯನ್ನೂ ತೆಗೆದು ಹೊಸ ಕಾಯ್ದೆಗಳನ್ನು ಮಾಡಿದೆ. ಅವುಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರಬೇಕಾದ ಸಮಯವಿದು. ಕಂಟೇನರಿನಲ್ಲಿ ಕಳುಹಿಸುವ ಮೈಸೂರಿನ ಊದುಬತ್ತಿಯವರ, ನಮ್ಮ ಅಚ್ಚು ಬೆಲ್ಲದವರ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಆರ್ಬಿಟ್ರೇಷನ್ ಇರುವುದಿಲ್ಲ, ವಿದೇಶಿ ಕೋರ್ಟಿನ ಹೆಸರಿರುತ್ತದೆ. ಅದು ಬೇರೆಯೇ ತೊಡಕಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಈ ಪತ್ರದೊಂದಿಗೆ ನಮ್ಮ ಚಾರ್ಟರ್ ಪಾರ್ಟಿಯ ಮೊದಲ ಪುಟದ ಪ್ರತಿಯನ್ನು ಎದುರು ಪಕ್ಷದವರ ಹೆಸರು ಅಳಿಸಿ, 25ನೆಯ ಚೌಕಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಲಗತ್ತಿಸಿದ್ದೇನೆ. ಮೇಸ್ತ್ರಿಯವರ ಪುಸ್ತಕದ ಮೂರು ಪುಟಗಳ ಪ್ರತಿಗಳೂ ಇವೆ. ತಮ್ಮ ಇಲಾಖೆಯವರು ಸಮಯ ಕೊಟ್ಟರೆ, ಮುಂದಿನ ಕಬ್ಬಿನ ಹಂಗಾಮು ಆರಂಭವಾಗುವ ಮುಂಚೆ ಮಂಡ್ಯ ಮತ್ತು ಮೈಸೂರಿನ ಕೆಲವು ರಫ್ತುದಾರರೊಂದಿಗೆ ಬೆಂಗಳೂರಿಗೆ ಬಂದು, ಮೂಲ ಪುಸ್ತಕವನ್ನೂ ತಂದು ತೋರಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಲ್ಲ ಮತ್ತು ಸಕ್ಕರೆ ವ್ಯಾಪಾರಿ,
ಎಪಿಎಂಸಿ ಯಾರ್ಡ್, ಮಂಡ್ಯ